ಸಂಸಾರ ಮಾಡದ ಫಣಿಯಮ್ಮ, ಸಂಸಾರ ಮಾಡಿದ ನಾವು

2021ರ ಮೇ ತಿಂಗಳಲ್ಲಿ, ಕೊರೊನಾದ ಎರಡನೆಯ ಅಲೆಯಲ್ಲಿ, ನಮ್ಮ ಶಾಲೆಯ ಕಿರಿಯ ಶಿಕ್ಷಕಿಯೊಬ್ಬಳ ಗಂಡ ತೀರಿಕೊಂಡರು. ಅವಳಿಗೆ ಮೂವತ್ತೊಂದು ವರ್ಷ, ಕಂಕುಳಲ್ಲಿ ಮಗು. ಶಾಲೆ ಮತ್ತೆ ತೆರೆದ ಮೇಲೆ ಒಂದು ದಿನ ಸ್ಟಾಫ್ ರೂಮಿನಲ್ಲಿ ಪಕ್ಕಕ್ಕೆ ಬಂದು, "ಮೇಡಂ, ನನ್ನಂಥವಳು ಓದೋಂಥ ಪುಸ್ತಕ ಒಂದಿದ್ರೆ ಕೊಡಿ. ಸಮಾಧಾನ ಹೇಳೋದು ಮಾತ್ರ ಬೇಡ, ಹೇಳೋರು ಬೇಕಾದಷ್ಟು ಜನ ಇದಾರೆ" ಅಂದಳು. ನನ್ನನ್ನೇ ಕೇಳಿದ್ದಕ್ಕೆ ಕಾರಣ ಇತ್ತು. 1998ರಲ್ಲಿ ನಾನೂ ಇಪ್ಪತ್ತೆಂಟರ ಪ್ರಾಯದಲ್ಲಿ ಇದೇ ಸಾಲಿಗೆ ಸೇರಿದವಳು.

ಸಂಜೆ ಮನೆಗೆ ಬಂದು ಪುಸ್ತಕದ ಬೀರು ತೆಗೆದು ನಿಂತೆ. ಮಕ್ಕಳಿಗೆ ಇಷ್ಟು ವರ್ಷ ಕನ್ನಡ ಪಾಠ ಹೇಳಿದವಳು, ಒಂದು ಪುಸ್ತಕ ಆರಿಸುವುದು ಎಷ್ಟರ ಕೆಲಸ ಅಂದುಕೊಂಡಿದ್ದೆ. ಕೈ ಮುಂದಕ್ಕೆ ಹೋಗಲೇ ಇಲ್ಲ.

ಮೊದಲು ಸಿಕ್ಕಿದ್ದು ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ'. 1899ರಲ್ಲಿ ಮಂಗಳೂರಿನಲ್ಲಿ ಅಚ್ಚಾದದ್ದು. ವಿಧವಾ ಮರುವಿವಾಹಕ್ಕೆ ಕಾನೂನು ಬಂದದ್ದು 1856ರಲ್ಲಿ. ಕಾನೂನು ಬಂದು 43 ವರ್ಷವಾದರೂ ಮನೆಯ ಹೊಸ್ತಿಲು ದಾಟಿ ಒಳಗೆ ಬಂದಿರಲಿಲ್ಲ. ಹಾಗಾಗಿ ಇಂದಿರೆಗೆ ಓದು ಕೊಡಿಸಿ, ಮರುಮದುವೆ ಮಾಡಿಸಿ ದಾರಿ ತೋರಿಸುವುದು ಆ ಪುಸ್ತಕದ ಕೆಲಸವಾಯಿತು. ದೊಡ್ಡ ಕೆಲಸವೇ. ಆದರೆ ಇದು ಅವಳು ಕೇಳಿದ ಪುಸ್ತಕವಲ್ಲ.

'ವಂಶವೃಕ್ಷ' ನನ್ನ ಹಳೆಯ ಜಗಳದ ಪುಸ್ತಕ. ಬಿ.ಎ. ಓದುವಾಗ ಕಾತ್ಯಾಯನಿಯ ಪ್ರೇಮಕ್ಕಾಗಿ ಓದಿದೆ. ಇವರು ಹೋದ ಮರುವರ್ಷ ಮತ್ತೆ ಓದಿ, ಸಿಟ್ಟು ಬಂದು ಟ್ರಂಕಿನ ತಳಕ್ಕೆ ಹಾಕಿದೆ. ಭೈರಪ್ಪನವರ ಶಕ್ತಿ ಗೊತ್ತಿಲ್ಲದೆ ಈ ಮಾತು ಹೇಳುತ್ತಿಲ್ಲ. ಶ್ರೋತ್ರಿಯರಂಥ ಮಾವನನ್ನು ಬರೆಯಲು ಎಲ್ಲರಿಗೂ ಆಗುವುದಿಲ್ಲ. ಕಾತ್ಯಾಯನಿಯನ್ನು ಓದಲು ಕಳಿಸುವವರೂ ಅವರೇ. ಆದರೆ ಅವಳ ಮುಂದೆ ಇರುವುದು ಎರಡೇ ಬಾಗಿಲು. ಒಂದು ಮಾವನ ಮನೆಯ ಧರ್ಮ, ಇನ್ನೊಂದು ರಾಜನ ಜೊತೆಗಿನ ಮರುಮದುವೆ. ಎರಡನೆಯದನ್ನು ತೆರೆದದ್ದಕ್ಕೆ ಮಗ ದೂರವಾಗುತ್ತಾನೆ, ಗರ್ಭ ನಿಲ್ಲುವುದಿಲ್ಲ, ಕೊನೆಗೆ ಅವಳೇ ಉಳಿಯುವುದಿಲ್ಲ. ಇಷ್ಟೊಂದು ಬೆಲೆಯನ್ನು ಕಟ್ಟಿಸಿಕೊಂಡದ್ದು ಬದುಕೋ ಲೇಖಕರೋ ಎಂದು ನನಗೆ ಈಗಲೂ ಅನುಮಾನ.

ಅದಕ್ಕಿಂತ ನನ್ನನ್ನು ಕಾಡುವುದು ನಂಜುಂಡ. ಕಪಿಲೆಯ ಪಾಲಾದ ಆ ಹುಡುಗನ ಜೊತೆ ಕಾತ್ಯಾಯನಿ ಸಂಸಾರ ಮಾಡಿದ್ದಳು, ಮಗು ಹೆತ್ತಿದ್ದಳು. ನನಗೆ ಕಾಣುವಂತೆ ಕಾದಂಬರಿ ಧರ್ಮ ಮತ್ತು ಪ್ರಕೃತಿಯ ಜಗಳದಲ್ಲಿ ಮುಳುಗಿ, ಅವನನ್ನು ಬೇಗ ಮರೆತುಬಿಡುತ್ತದೆ. ಅವಳು ದಿನವೂ ನಂಜನಗೂಡಿನಿಂದ ಮೈಸೂರಿಗೆ ರೈಲಿನಲ್ಲಿ ಹೋಗಿ ಬರುತ್ತಾಳಲ್ಲ, ಕಿಟಕಿಯ ಪಕ್ಕ ಕೂತ ಅಷ್ಟು ಹೊತ್ತು ಅವನು ನೆನಪಾಗಲೇ ಇಲ್ಲವೇ?

ನನಗೆ ನೆನಪಾಗುತ್ತಿದ್ದದ್ದು ಹೊತ್ತಲ್ಲದ ಹೊತ್ತಿನಲ್ಲಿ. ಆರು ತಿಂಗಳವರೆಗೂ ನನ್ನ ಕೈ ತಾನಾಗಿ ಎರಡು ಪಾವು ಅಕ್ಕಿಯನ್ನೇ ಅಳೆಯುತ್ತಿತ್ತು. ಮಾರನೆಯ ದಿನ ತಂಗಳನ್ನದ ಚಿತ್ರಾನ್ನ. ಮಗ ಒಂದು ಬೆಳಿಗ್ಗೆ, "ಅಮ್ಮಾ, ನಮ್ಮನೇಲಿ ದಿನಾ ಯಾಕೆ ಚಿತ್ರಾನ್ನ?" ಅಂದ ಮೇಲೆ ಒಂದು ಪಾವಿಗೆ ಇಳಿಸಿದೆ. ಹೂವಿನವಳು ಸಂಜೆ ಎಂದಿನಂತೆ ಮೊಳ ಅಳೆದು ಕೈ ನೀಡಿ, ನನ್ನ ಹಣೆ ನೋಡಿ, ನೀಡಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಅವಳಿಗೂ ಕಣ್ಣೀರು. ಗ್ಯಾಸ್ ಪುಸ್ತಕ, ರೇಷನ್ ಕಾರ್ಡು, ವಿಮೆ ಎಲ್ಲದಕ್ಕೂ ಮರಣ ಪ್ರಮಾಣ ಪತ್ರದ ಜೆರಾಕ್ಸ್ ಬೇಕು, ಅಂಗಡಿಯ ಹುಡುಗ "ಎಷ್ಟು ಕಾಪಿ ಮೇಡಂ?" ಎಂದು ಕೇಳಿದಾಗ ಅತ್ತಷ್ಟು, ಹನ್ನೊಂದನೆಯ ದಿನವೂ ಅತ್ತಿರಲಿಲ್ಲ. ಇವೆಲ್ಲ ಕಾದಂಬರಿಗೆ ತೀರಾ ಸಣ್ಣ ವಿಷಯಗಳೇನೋ.

ಕೊನೆಗೆ ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ತೆಗೆದುಕೊಂಡು ಹೋಗಿ ಕೊಟ್ಟೆ. ಮನೆಗೆಲಸದ ಒಳಗು ಗೊತ್ತಿದ್ದವರು ಬರೆದ ಪುಸ್ತಕ ಅದು. ತಾವು ಬಾಲ್ಯದಲ್ಲಿ ಕಂಡ ಒಬ್ಬ ಹೆಂಗಸಿನ ಬದುಕನ್ನೇ ಅವರು ಕಾದಂಬರಿ ಮಾಡಿದ್ದು. ಮಡಿ, ಒಪ್ಪೊತ್ತಿನ ಊಟ, ಮೂರು ಹೊತ್ತು ದುಡಿತ, ಅದರ ನಡುವೆ ಒಂದಿಷ್ಟೂ ಕಹಿಯಾಗದೆ ಉಳಿದ ಜೀವ. ಪ್ರೇಮಾ ಕಾರಂತರು ಇದನ್ನು ಸಿನಿಮಾ ಮಾಡಿದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು.

ಎರಡು ವಾರ ಬಿಟ್ಟು ಅವಳು ಹೇಳಿದ್ದು ಇದು: "ತುಂಬಾ ಚೆನ್ನಾಗಿದೆ ಮೇಡಂ. ಆದ್ರೆ ಫಣಿಯಮ್ಮ ಗಂಡನ್ನ ಕಳ್ಕೊಂಡೋಳಲ್ಲ. ಅವಳಿಗೆ ಗಂಡ ಅಂತ ಇದ್ದದ್ದಾದ್ರೂ ಯಾವಾಗ?"

ನಾನು ಸುಮ್ಮನಾದೆ. ಹೌದಲ್ಲ! ಒಂಬತ್ತರ ಹುಡುಗಿ, ಮದುವೆ ಎಂದರೆ ಏನೆಂದು ತಿಳಿಯುವ ಮೊದಲೇ ಅದು ಮುಗಿದಿತ್ತು. ಅವಳಿಂದ ಕಿತ್ತುಕೊಂಡದ್ದು ಕೂದಲನ್ನು, ಬಳೆಯನ್ನು, ಇಡೀ ಆಯುಷ್ಯವನ್ನು. ಆದರೆ ರಾತ್ರಿ ಹಾಸಿಗೆಯ ಆ ಪಕ್ಕ ಖಾಲಿಯಾಯಿತೆಂಬ ದುಃಖ ಅವಳದಲ್ಲ. ನಾನು ಇಪ್ಪತ್ತು ವರ್ಷ ಈ ಪುಸ್ತಕವನ್ನು ನನ್ನದೆಂದು ಓದಿಕೊಂಡು ಬಂದಿದ್ದೆ. ಈ ವ್ಯತ್ಯಾಸ ಕಂಡಿರಲಿಲ್ಲ. ನಮ್ಮ ಸಾಹಿತ್ಯ ವೈಧವ್ಯವನ್ನು ಬರೆದಿದೆ, ಅದರ ಕ್ರೌರ್ಯವನ್ನು ಎದೆ ನಡುಗುವಂತೆ ಬರೆದಿದೆ. ಬರೆಯಲೇಬೇಕಿತ್ತು. ನಂಜನಗೂಡು ತಿರುಮಲಾಂಬಾ, ಆರ್. ಕಲ್ಯಾಣಮ್ಮ ಇಬ್ಬರೂ ಬಾಲವಿಧವೆಯರಾಗಿದ್ದೇ ಲೇಖನಿ ಹಿಡಿದು ಪತ್ರಿಕೆ ನಡೆಸಿದರು. ಅವರ ಋಣ ನಮ್ಮೆಲ್ಲರ ಮೇಲಿದೆ. ಆದರೆ ಸಂಪ್ರದಾಯ ಎಷ್ಟೋ ಸಡಿಲವಾದ ಮೇಲೂ ಉಳಿಯುವ, ಹೋದ ಆ ಒಬ್ಬ ಮನುಷ್ಯನದೇ ಆದ ಕೊರತೆ? ಅದನ್ನು ಬರೆದ ಪುಟ ನನ್ನ ಬೀರುವಿನಲ್ಲಿ ಸಿಗಲಿಲ್ಲ.

ಹಾಗೆಂದು 'ಫಣಿಯಮ್ಮ'ನನ್ನು ಕೊಟ್ಟದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ತಲೆ ಬೋಳಿಸಿಕೊಳ್ಳಲು ಒಪ್ಪದ ದಾಕ್ಷಾಯಿಣಿ ಎಂಬ ಹುಡುಗಿ ಅದರಲ್ಲಿ ಬರುತ್ತಾಳೆ. ಜೀವನವಿಡೀ ಕಟ್ಟಳೆ ಪಾಲಿಸಿದ ಮುದುಕಿ ಫಣಿಯಮ್ಮ ಆ ಹುಡುಗಿಯ ಪರವಾಗಿ ನಿಲ್ಲುತ್ತಾಳೆ. ನಾನು ಪಟ್ಟದ್ದನ್ನು ನೀನೂ ಪಡು ಎನ್ನುವ ಹಿರಿಯರನ್ನು ಬೇಕಾದಷ್ಟು ನೋಡಿದ್ದೇವೆ. ಇವಳು ಆ ಜಾತಿಯಲ್ಲ.

ಪುಸ್ತಕ ಇನ್ನೂ ವಾಪಸು ಬಂದಿಲ್ಲ. ಅವಳ ಅತ್ತೆಗೆ ಕಣ್ಣಿನ ಪೊರೆಯಂತೆ, ಸಂಜೆ ಇವಳೇ ಓದಿ ಹೇಳುತ್ತಾಳೆ. ದಾಕ್ಷಾಯಿಣಿಯ ಭಾಗವನ್ನು ಅವರು ಎರಡು ಸಲ ಓದಿಸಿಕೊಂಡರಂತೆ. ಮಧ್ಯೆ ಮಗನ ಮಾತು ಬಂದರೆ ಪುಸ್ತಕ ಮುಚ್ಚಿಟ್ಟು, ಅತ್ತೆ ಸೊಸೆ ಇಬ್ಬರೂ ಅವರ ವಿಷಯವೇ ಮಾತಾಡುತ್ತ ಕೂತುಬಿಡುತ್ತಾರಂತೆ. ಹಾಗಾಗಿ ಇನ್ನೂ ನಲವತ್ತು ಪುಟ ಬಾಕಿ ಇದೆ, ಮೇಡಂ, ಎಂದಳು.