ಕಳ್ಳನ ಕಪಾಲವೂ ಅನುಮಾನ ಪ್ರಮಾಣವೂ

ಅಪರಾಧವನ್ನು ಕುರಿತು ಮಾತನಾಡುವವರು ಬಹು ಮಂದಿ. ಅದನ್ನು ಶೋಧಿಸುವ ಕ್ರಮವನ್ನರಿತವರು ವಿರಳ. ಆ ಕ್ರಮವನ್ನು ಕಲಿಯಬಯಸುವ ವಿದ್ಯಾರ್ಥಿಯು ವಿಧಿನಿಷೇಧಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದಕ್ಕಿಂತ, ಪೂರ್ವಪಕ್ಷ ಸಿದ್ಧಾಂತಗಳಂತೆ ಎದುರುಬದುರಾಗಿ ನಿಂತಿರುವ ಎರಡು ಗ್ರಂಥಗಳನ್ನು ಜತೆಯಾಗಿ ಓದುವುದು ಲೇಸು. ಒಂದು, ಇಟಲಿಯ ವೈದ್ಯ ಚೇಸರೆ ಲೊಂಬ್ರೋಸೋ 1876ರಲ್ಲಿ ಪ್ರಕಟಿಸಿದ ‘ಅಪರಾಧಿ ಮನುಷ್ಯ’. ಇನ್ನೊಂದು, ಇಂಗ್ಲೆಂಡಿನ ಸೆರೆಮನೆಗಳ ವೈದ್ಯನಾಗಿದ್ದ ಚಾರ್ಲ್ಸ್ ಗೋರಿಂಗನು 1913ರಲ್ಲಿ ಹೊರತಂದ ‘ಆಂಗ್ಲ ಕೈದಿ’.

ಕಲಾಬ್ರಿಯ ಪ್ರಾಂತದ ಕಳ್ಳನೊಬ್ಬನ ತಲೆಬುರುಡೆಯ ಒಳಗೆ, ಹಿಂಭಾಗದಲ್ಲಿ, ಲೊಂಬ್ರೋಸೋ ಒಂದು ಅಸಾಧಾರಣವಾದ ಕುಳಿಯನ್ನು ಕಂಡನು. ಅಂತಹ ಕುಳಿಯು ಕೆಳತರಗತಿಯ ಪ್ರಾಣಿಗಳಲ್ಲಿರುವುದರಿಂದ, ಹುಟ್ಟು ಅಪರಾಧಿಯು ಆದಿಮ ಸ್ಥಿತಿಗೆ ಮರಳಿದ ಜೀವಿಯೆಂದೂ, ದವಡೆ, ಕಿವಿ, ಹಣೆಗಳ ಲಕ್ಷಣಗಳಿಂದ ಅವನನ್ನು ಗುರುತಿಸಬಹುದೆಂದೂ ಊಹಿಸಿದನು. ಈ ಗ್ರಂಥಕ್ಕೆ ಒಂದು ಗುಣವುಂಟು: ಕೃತ್ಯವನ್ನು ಮಾತ್ರ ನೋಡಿದರೆ ಸಾಲದು, ಕೃತ್ಯವೆಸಗಿದ ಮನುಷ್ಯನನ್ನೂ ಪ್ರತ್ಯಕ್ಷವಾಗಿ ಪರೀಕ್ಷಿಸಬೇಕೆಂದು ಅದು ಹೇಳಿತು. ಆದರೆ ಪ್ರತ್ಯಕ್ಷದಿಂದ ಅನುಮಾನಕ್ಕೆ ದಾಟುವಾಗ ಗ್ರಂಥಕರ್ತನ ಕಾಲು ಜಾರಿತು. ಹೊಗೆಯಿದ್ದಲ್ಲಿ ಬೆಂಕಿಯುಂಟೆಂಬ ಅನ್ವಯವೊಂದೇ ಸಾಲದು. ಬೆಂಕಿಯಿಲ್ಲದ ಮಡುವಿನಲ್ಲಿ ಹೊಗೆಯೂ ಇಲ್ಲವೆಂಬ ವ್ಯತಿರೇಕವು ಬೇಕೆಂಬುದನ್ನು ತರ್ಕಸಂಗ್ರಹವನ್ನೋದಿದ ಬಾಲಕನೂ ಬಲ್ಲನು. ಸೆರೆಮನೆಯಲ್ಲಿ ಕಂಡ ದಪ್ಪ ದವಡೆಯು ಸಂತೆಯಲ್ಲಿಯೂ ಅಷ್ಟೇ ಕಾಣುವುದಾದರೆ ಅದು ಅಪರಾಧಿಯ ಲಕ್ಷಣವೆನಿಸುವುದೆಂತು? ಲೊಂಬ್ರೋಸೋ ಸೈನಿಕರೊಡನೆ ಹೋಲಿಕೆ ಮಾಡದೆ ಇರಲಿಲ್ಲ. ಆ ಹೋಲಿಕೆಯಲ್ಲಿ ಬಿಗಿಯಿರಲಿಲ್ಲ.

ಗೋರಿಂಗನ ಹಿರಿಮೆಯು ಈ ವ್ಯತಿರೇಕವನ್ನು ಶ್ರಮಪಟ್ಟು ಸಂಪಾದಿಸಿದುದರಲ್ಲಿದೆ. ಸುಮಾರು 3000 ಕೈದಿಗಳ ಅಳತೆಗಳನ್ನು ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು, ಸೈನಿಕರು, ಆಸ್ಪತ್ರೆಯ ರೋಗಿಗಳು ಇವರ ಅಳತೆಗಳೊಡನೆ ಹೋಲಿಸಿ, ಕಾರ್ಲ್ ಪಿಯರ್ಸನನ ಗಣಿತಪದ್ಧತಿಯಿಂದ ಲೆಕ್ಕಹಾಕಿ, ಅಪರಾಧಿಗೇ ಮೀಸಲಾದ ದೇಹಲಕ್ಷಣವಿಲ್ಲವೆಂದು ತೋರಿಸಿದನು.

ಆದರೆ ಖಂಡನಕಾರನೂ ಖಂಡನೆಗೆ ಹೊರತಲ್ಲ. ಕೈದಿಗಳು ಸರಾಸರಿಯಲ್ಲಿ ಕುಳ್ಳರೂ ಕಡಮೆ ತೂಕದವರೂ ಮಂದಬುದ್ಧಿಗಳೂ ಎಂದು ಕಂಡ ಗೋರಿಂಗನು, ಅಪರಾಧದ ಮೂಲವನ್ನು ಬಹುಮಟ್ಟಿಗೆ ವಂಶದಲ್ಲಿ ಹುಡುಕಿದನು. ಅವನು ಅಳೆದುದು ಅಪರಾಧ ಮಾಡಿದವರೆಲ್ಲರನ್ನಲ್ಲ, ಸಿಕ್ಕಿಬಿದ್ದು ಶಿಕ್ಷೆ ಹೊಂದಿದವರನ್ನು. ಬೆಂಕಿಯಿಂದ ಹೊಗೆಯನ್ನೂಹಿಸುವವನಿಗೆ ಹಸಿಯ ಕಟ್ಟಿಗೆಯು ಉಪಾಧಿಯಾಗುವಂತೆ, ಇಲ್ಲಿ ಸಿಕ್ಕಿಬೀಳುವಿಕೆಯೇ ಉಪಾಧಿ. ಅಮೆರಿಕದ ಎಡ್ವಿನ್ ಸದರ್‌ಲೆಂಡನು ಬಿಳಿ ಕಾಲರಿನ ಅಪರಾಧವನ್ನು ಕುರಿತ 1949ರ ಗ್ರಂಥದಲ್ಲಿ ಇದನ್ನೇ ಬಯಲಿಗೆಳೆದನು. 70 ದೊಡ್ಡ ಕಂಪನಿಗಳ ವಿರುದ್ಧ 980 ತೀರ್ಮಾನಗಳಾಗಿದ್ದುವು. ಅವುಗಳಲ್ಲಿ ಕ್ರಿಮಿನಲ್ ನ್ಯಾಯಾಲಯಗಳಿಂದ ಬಂದುವು 158 ಮಾತ್ರ. ಸೆರೆಮನೆಯ ಬಾಗಿಲಲ್ಲಿ ಅಳತೆಪಟ್ಟಿ ಹಿಡಿದು ನಿಂತವನಿಗೆ ಈ ಶ್ರೀಮಂತರು ಕಾಣಸಿಗರು.

ಇದು ಕೇವಲ ವಾಗ್ವಾದವೆಂದು ವಾಚಕರು ಬಗೆಯಬಾರದು. ಭಾರತದಲ್ಲಿ 1871ರಲ್ಲಿ ಜಾರಿಗೆ ಬಂದು, ಕ್ರಮೇಣ ಇತರ ಪ್ರಾಂತಗಳಿಗೂ ಹಬ್ಬಿದ ಕ್ರಿಮಿನಲ್ ಟ್ರೈಬ್ಸ್ ಕಾಯಿದೆಯು ಅನೇಕ ಜನಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಬಗೆಯಿತು. ಅದು ಲೊಂಬ್ರೋಸೋವಿನ ಗ್ರಂಥಕ್ಕಿಂತ ಐದು ವರ್ಷ ಹಿಂದಿನದಾದುದರಿಂದ ಆ ಗ್ರಂಥದ ಫಲವೆನ್ನಲಾಗದು. ದೋಷವು ಮಾತ್ರ ಸಜಾತೀಯವಾದುದು. ಹೆಸರು ದಾಖಲಾದವನ ಮೇಲೆ ಪೋಲೀಸರ ಕಣ್ಣು. ಕಣ್ಣಿದ್ದುದರಿಂದ ಹೆಚ್ಚು ದಸ್ತಗಿರಿ. ದಸ್ತಗಿರಿಯೇ ಆ ಕುಲದ ದುಷ್ಟತನಕ್ಕೆ ಸಾಕ್ಷಿ! ಇದಕ್ಕೆ ಶಾಸ್ತ್ರದಲ್ಲಿ ಅನ್ಯೋನ್ಯಾಶ್ರಯವೆಂದು ಹೆಸರು. ಕಾಯಿದೆಯು 1952ರಲ್ಲಿ ರದ್ದಾಯಿತು. ಆ ಜನರನ್ನಿರಿಸಿದ್ದ ಹುಬ್ಬಳ್ಳಿಯ ವಸತಿಗೆ ‘ಸೆಟ್ಲಮೆಂಟ್’ ಎಂಬ ಹೆಸರು ಇಂದಿಗೂ ಉಳಿದಿದೆ. ಅನುಮಾನದ ತಪ್ಪು ಪುಸ್ತಕದಲ್ಲಿದ್ದರೆ ಶುದ್ಧಿಪತ್ರವು ಸಾಕು. ರಾಜಶಾಸನದಲ್ಲಿ ಸೇರಿದರೆ ಶಿಶುಗಳು ಅದನ್ನು ಹೊತ್ತು ಹುಟ್ಟುತ್ತವೆ.

1953ರಿಂದ ಭಾರತ ಸರಕಾರವು ವರ್ಷವರ್ಷವೂ ಅಪರಾಧಗಳ ಅಂಕಿಗಳನ್ನು ಸಂಕಲಿಸುತ್ತ ಬಂದಿದೆ. ಅವು ಪೋಲೀಸು ಠಾಣೆಗಳಲ್ಲಿ ದಾಖಲಾದ ಮೊಕದ್ದಮೆಗಳ ಅಂಕಿಗಳು. ಒಂದು ಜಿಲ್ಲೆಯಲ್ಲಿ ಸಂಖ್ಯೆ ಏರಿದರೆ ಪಾಪವು ಹೆಚ್ಚಿತೆಂದೂ ಆಗಬಹುದು, ದೂರು ಕೊಡಲು ಜನರಿಗೆ ಧೈರ್ಯ ಬಂದಿತೆಂದೂ ಆಗಬಹುದು. ಎಣಿಸಿದವರಾರು, ಎಣಿಕೆಗೆ ಸಿಕ್ಕದವರಾರು, ಹೋಲಿಕೆಗೆ ನಿಲ್ಲಿಸಿದವರಾರು ಎಂಬ ಮೂರು ಪ್ರಶ್ನೆಗಳನ್ನು ಕೇಳದೆ ಅಂಕಿಗಳನ್ನು ನಂಬಬಾರದೆಂಬುದೇ ಈ ಗ್ರಂಥಗಳನ್ನು ಒಟ್ಟಿಗೆ ಓದಿದವರಿಗೆ ದೊರಕುವ ಫಲ. ಇವುಗಳ ಸಾರವು ಕನ್ನಡದಲ್ಲಿ ವಿಸ್ತಾರವಾಗಿ ಬರುವುದು ಅವಶ್ಯವಾಗಿದೆ.