‘ಛದ್ಮ’ ಶಬ್ದದ ಅರ್ಥವಿಚಾರ

ನಿಜರೂಪವನ್ನು ಮರೆಸಿಕೊಂಡವನನ್ನು ‘ಛದ್ಮವೇಷಧಾರಿ’ ಎನ್ನುವುದು ರೂಢಿ. ಅಮರಕೋಶವು ಛದ್ಮವನ್ನು ಕಪಟ, ವ್ಯಾಜ, ಕೈತವಗಳ ಸಾಲಿನಲ್ಲಿ ಎಣಿಸಿದೆ. ಈ ರೂಢಾರ್ಥವನ್ನೇ ಹಿಡಿದು ಆಗಮದ ‘ಛದ್ಮಸ್ಥ’ ಶಬ್ದಕ್ಕೆ ‘ಕಪಟದಲ್ಲಿರುವವನು’ ಎಂದು ಅರ್ಥ ಬರೆದರೆ ಸಿದ್ಧಾಂತವೇ ಕೆಡುತ್ತದೆ. ಆದುದರಿಂದ ಶಬ್ದಮೂಲದ ಪರಿಶೀಲನೆ ಅವಶ್ಯ.

ಮುಚ್ಚು ಎಂಬರ್ಥದ ‘ಛದ್’ ಧಾತುವಿನಿಂದ ಛದ್ಮವು ನಿಷ್ಪನ್ನವಾಗಿದೆ. ಛತ್ರ, ಆಚ್ಛಾದನ, ಪ್ರಚ್ಛನ್ನಗಳೂ ಅದೇ ಧಾತುವಿನವು. ಧಾತ್ವರ್ಥದಲ್ಲಿ ವಂಚನೆಯ ಲೇಶವೂ ಇಲ್ಲ. ಅದು ಲೌಕಿಕ ಪ್ರಯೋಗದಲ್ಲಿ ಬಂದು ಸೇರಿದ್ದು. ಷಟ್ಖಂಡಾಗಮದ ಪ್ರಾಕೃತದಲ್ಲಿ ‘ಛದುಮತ್ಥ’ ಎಂದಿರುವ ರೂಪವು ಅರ್ಧಮಾಗಧಿಯಲ್ಲಿ ದಕಾರ ಲೋಪಿಸಿ ‘ಛಉಮತ್ಥ’ ಎಂದಾಗುತ್ತದೆ. ಛದ್ಮವೆಂದರೆ ಜ್ಞಾನಾವರಣ ದರ್ಶನಾವರಣಗಳೆಂದೂ, ಅವುಗಳಲ್ಲಿ ಇರುವವನೇ ಛದ್ಮಸ್ಥನೆಂದೂ ವೀರಸೇನಾಚಾರ್ಯರು ಧವಲಾ ಟೀಕೆಯಲ್ಲಿ ಬಿಡಿಸಿ ಹೇಳಿದ್ದಾರೆ.

ಗುಣಸ್ಥಾನಕ್ರಮವೂ ಇದಕ್ಕೆ ಸಾಕ್ಷಿ. ಮಾಯಾಕಷಾಯದ ಉದಯವು ಒಂಬತ್ತನೆಯ ಗುಣಸ್ಥಾನದಲ್ಲೇ ಮುಗಿಯುತ್ತದೆ. ಹತ್ತನೆಯದರಲ್ಲಿ ಸೂಕ್ಷ್ಮಲೋಭವೊಂದೇ ಉಳಿಯುತ್ತದೆ. ಆದರೂ ಹನ್ನೆರಡನೆಯ ಕ್ಷೀಣಕಷಾಯನು ವೀತರಾಗನಾಗಿಯೂ ಛದ್ಮಸ್ಥನೇ. ಕಪಟವು ನಿರ್ಮೂಲವಾದವನನ್ನು ಕಪಟಸ್ಥನೆನ್ನುವುದು ಹೇಗೆ? ಚತುರ್ಜ್ಞಾನಧಾರಿಗಳಾದ ಗೌತಮ ಗಣಧರರೂ ವೀರನಿರ್ವಾಣದವರೆಗೆ ಛದ್ಮಸ್ಥರಾಗಿಯೇ ಇದ್ದರು.

ವಿರಾಟನಗರದ ಪಾಂಡವರು ತಮ್ಮನ್ನು ತಾವು ಬಲ್ಲವರಾಗಿ ಪರರಿಗೆ ಮರೆಯಾದರು. ಛದ್ಮಸ್ಥನಿಗಾದರೋ ಮರೆಯಾಗಿರುವುದು ತನ್ನದೇ ಸ್ವಭಾವವಾದ ಪೂರ್ಣಜ್ಞಾನ. ಆವರಣವಿರುವುದು ತಿಳಿಯುವವನಲ್ಲಿ. ಇದಕ್ಕೆ ಲೌಕಿಕ ದೃಷ್ಟಾಂತವೊಂದು ಕೊಪಣತೀರ್ಥದ ನೆಲದಲ್ಲೇ ಇದೆ. ಕೊಪ್ಪಳ, ಗಂಗಾವತಿ, ಸಿದ್ದಾಪುರಗಳ ಸೀಮೆಯಲ್ಲಿ ಗವಿಮಠ ಮತ್ತು ಪಾಲ್ಕಿಗುಂಡುಗಳ ಶಾಸನಗಳು ಅರಸನನ್ನು ‘ದೇವಾನಾಂಪ್ರಿಯ’ನೆಂದಷ್ಟೇ ಕರೆಯುತ್ತವೆ. ಅಶೋಕನೆಂಬ ಹೆಸರು ಅವನದೇ ಶಾಸನವೊಂದರಲ್ಲಿ ಮೊದಲು ದೊರೆತದ್ದು 1915ರಲ್ಲಿ, ನೆರೆಯ ಮಸ್ಕಿಯಲ್ಲಿ. ಅದುವರೆಗೆ ಶಾಸನಗಳನ್ನು ಓದಿದವರಿಗೆ ಹೆಸರು ತೋರದಿದ್ದುದಕ್ಕೆ ಅರಸನ ಕಪಟವು ಕಾರಣವಲ್ಲ.

ಪ್ರತಿಗಳನ್ನು ಸಂಪಾದಿಸುವವರು ಈ ಭೇದವನ್ನು ಲಕ್ಷಿಸಬೇಕು. ಕಥಾಕಾವ್ಯಗಳಲ್ಲಿ ಛದ್ಮಕ್ಕೆ ‘ಮಾರುವೇಷ’ವೆಂಬ ಅರ್ಥ ಸಲ್ಲುತ್ತದೆ, ಸಿದ್ಧಾಂತಗ್ರಂಥಗಳಲ್ಲಿ ಛದ್ಮಸ್ಥ ಶಬ್ದವನ್ನು ಹಾಗೆಯೇ ಉಳಿಸಿ ‘ಆವರಣಸಹಿತ ಜ್ಞಾನವುಳ್ಳವನು’ ಎಂದು ವಿವರಿಸುವುದು ಯುಕ್ತ. ಛದ್ಮಸ್ಥನ ಕೃತಿಯಲ್ಲಿ ದೋಷವಿದ್ದರೆ ಬಲ್ಲವರು ತಿದ್ದಲಿ ಎಂದು ಗ್ರಂಥಾಂತ್ಯದಲ್ಲಿ ಬಿನ್ನವಿಸಿದ ಪ್ರಾಚೀನರ ವಿನಯವು ತಪ್ಪು ಅರ್ಥದಿಂದ ವಂಚನೆಯ ಒಪ್ಪಿಗೆಯಾಗಿ ಮಾರ್ಪಡಬಾರದು.