ಅತಿ ಎನ್ನುವ ಮಾತು

'ಅತಿಯಾಯಿತು' ಎಂಬುದು ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳ ಕಿವಿಗೆ ಬಹು ಬೇಗ ಬೀಳುವ ಮಾತು. ನಗು ತುಸು ಜೋರಾದರೆ ಅತಿ, ಸೀರೆಯ ಬಣ್ಣ ಕಣ್ಣಿಗೆ ಹೊಡೆದರೆ ಅತಿ. ಆದ್ದರಿಂದಲೋ ಏನೋ, ಯಾರಾದರೂ ಕಲಾವಿದನನ್ನು ಅವನ ಕಾಲದ ವಿಮರ್ಶಕರು ಈ ಒಂದೇ ಮಾತಿನಿಂದ ತಳ್ಳಿಹಾಕಿದರು ಎಂದು ಓದಿದರೆ ನನಗೆ ಅವನ ಬಗ್ಗೆ ಕುತೂಹಲ ಹುಟ್ಟುತ್ತದೆ. ಇಂಗ್ಲೆಂಡಿನ 'ಕ್ವೀನ್' ಎಂಬ ರಾಕ್ ತಂಡದ ಕತೆ ಇಂಥದು. ಕೋಟಿಗಟ್ಟಲೆ ಜನ ಅದನ್ನು ತಲೆಯ ಮೇಲೆ ಹೊತ್ತು ಕುಣಿದರು; ಪತ್ರಿಕೆಗಳಲ್ಲಿ ಬರೆಯುವವರು ಬಹುಕಾಲ ಅದನ್ನು ಹತ್ತಿರ ಸೇರಿಸಲಿಲ್ಲ. ಆ ಜಗಳ ಇಂದಿಗೂ ಪೂರ್ತಿ ಮುಗಿದಿಲ್ಲ.

ಹೆಸರು ಹೊಸದೆನ್ನಿಸಿದರೂ ಅವರ ತಾಳವೊಂದನ್ನು ನೀವು ಕೇಳಿಯೇ ಇರುತ್ತೀರಿ. ಎರಡು ಸಲ ಕಾಲು ಕುಟ್ಟಿ ಒಂದು ಚಪ್ಪಾಳೆ, ಮತ್ತೆ ಎರಡು ಸಲ ಕಾಲು ಕುಟ್ಟಿ ಒಂದು ಚಪ್ಪಾಳೆ. ಟಿವಿಯಲ್ಲಿ ಆಟದ ಪಂದ್ಯ ನೋಡುವ ಮಕ್ಕಳಿರುವ ಮನೆಯಲ್ಲಿ ಇದು ಕಿವಿಗೆ ಬೀಳದೆ ಇರದು. 1977ರಲ್ಲಿ ಬಂದ 'ವಿ ವಿಲ್ ರಾಕ್ ಯೂ' ಎಂಬ ಆ ಹಾಡನ್ನು ಬರೆದವನು ತಂಡದ ಗಿಟಾರ್ ವಾದಕ ಬ್ರಯಾನ್ ಮೇ. ಕೇಳುಗರೂ ಕೈಕಾಲು ಸೇರಿಸುವಂತೆ ಇರಲಿ ಎಂದೇ ಅವನು ಅದನ್ನು ಕಟ್ಟಿದ. ತಂಡ ಹುಟ್ಟಿದ್ದು 1970ರಲ್ಲಿ, ಲಂಡನ್ನಿನಲ್ಲಿ. ನಾಲ್ವರೂ ಕಾಲೇಜು ಓದಿದವರು. ಮೇ ಖಗೋಳ ವಿಜ್ಞಾನದ ವಿದ್ಯಾರ್ಥಿ. ಅರ್ಧಕ್ಕೆ ಬಿಟ್ಟ ಸಂಶೋಧನೆಯನ್ನು ಮುಗಿಸಿ 2007ರಲ್ಲಿ ಡಾಕ್ಟರೇಟ್ ಪಡೆದ. ಡ್ರಮ್ ಬಾರಿಸುವ ರೋಜರ್ ಟೇಲರ್ ಮೊದಲು ದಂತವೈದ್ಯಕೀಯಕ್ಕೆ ಸೇರಿದ್ದವನು. 1971ರಲ್ಲಿ ಬಂದ ಬಾಸ್ ಗಿಟಾರಿನ ಜಾನ್ ಡೀಕನ್ ಎಲೆಕ್ಟ್ರಾನಿಕ್ಸ್ ಓದಿದವನು. ಹಾಡುಗಾರ ಫ್ರೆಡ್ಡಿ ಮರ್ಕ್ಯುರಿ ಚಿತ್ರಕಲೆಯ ಕಾಲೇಜಿನವನು. ತಂಡದ ಲಾಂಛನವನ್ನೂ ಅವನೇ ಬರೆದ.

ಫ್ರೆಡ್ಡಿಯ ಮನೆಯ ಹೆಸರು ಫರ್ರೋಖ್ ಬುಲ್ಸಾರಾ. ಪಾರ್ಸಿ ಹುಡುಗ, 1946ರ ಸೆಪ್ಟೆಂಬರ್ 5ರಂದು ಜಾಂಜಿಬಾರಿನಲ್ಲಿ ಹುಟ್ಟಿದವನು. ಎಂಟು ವರ್ಷದವನಿದ್ದಾಗ ತಂದೆತಾಯಿ ಅವನನ್ನು ಸಮುದ್ರ ದಾಟಿಸಿ ಮಹಾರಾಷ್ಟ್ರದ ಪಂಚಗಣಿಯ ಸೇಂಟ್ ಪೀಟರ್ಸ್ ವಸತಿಶಾಲೆಗೆ ಕಳಿಸಿದರು. ಪಿಯಾನೋ ಕಲಿತದ್ದು, ಗೆಳೆಯರೊಂದಿಗೆ 'ಹೆಕ್ಟಿಕ್ಸ್' ಎಂಬ ಮೊದಲ ತಂಡ ಕಟ್ಟಿದ್ದು ಅಲ್ಲಿಯೇ. 1964ರ ಜಾಂಜಿಬಾರ್ ಕ್ರಾಂತಿಯ ಹೊತ್ತಿಗೆ ಆ ಕುಟುಂಬ ಊರು ಬಿಟ್ಟು ಇಂಗ್ಲೆಂಡಿಗೆ ಹೋಯಿತು. ಮುಂದೆ ಈ ಹುಡುಗ ನಾಲ್ಕು ಜನ ಗಂಡಸರ ತಂಡಕ್ಕೆ 'ರಾಣಿ' ಎಂದು ಹೆಸರಿಟ್ಟ. ಇಂಗ್ಲಿಷಿನ ಬೀದಿಮಾತಿನಲ್ಲಿ ಗಂಡಸರನ್ನು ಪ್ರೀತಿಸುವ ಗಂಡಸರನ್ನು ಹಂಗಿಸುವ ಪದವೂ ಅದೇ. ಅದು ತಿಳಿದೇ ಇಟ್ಟ ಹೆಸರು.

ವಿಮರ್ಶಕರ ಅಸಹನೆಗೆ ಕಾರಣ ತಿಳಿಯಬೇಕಾದರೆ 1975ರ 'ಬೊಹೀಮಿಯನ್ ರಾಪ್ಸಡಿ'ಯನ್ನು ಒಮ್ಮೆ ಕೇಳಬೇಕು. ಮೂರು ನಿಮಿಷದ ಹಾಡುಗಳ ಕಾಲದಲ್ಲಿ ಇದು ಸುಮಾರು ಆರು ನಿಮಿಷ. ಪಲ್ಲವಿ ಎಂಬುದೇ ಇಲ್ಲ. ಮೊದಲು ಮೆಲುದನಿಯ ಅಳಲು, ನಡುವೆ ಇಟಲಿಯ ಆಪೆರಾದ ಅಣಕದಂತಹ ಮೇಳ, ಆಮೇಲೆ ಗಿಟಾರಿನ ಆರ್ಭಟ, ಕೊನೆಗೆ ನಿಟ್ಟುಸಿರು. ಆಪೆರಾ ಭಾಗಕ್ಕೆ ಮೂವರೇ ಹಾಡಿ, ದನಿಯ ಮೇಲೆ ದನಿಯನ್ನು ಪದರ ಪದರವಾಗಿ ಮುದ್ರಿಸಿ ದೊಡ್ಡ ಮೇಳದ ಭ್ರಮೆ ಹುಟ್ಟಿಸಿದರು. ಇಡೀ ಹಾಡಿಗೆ ಸುಮಾರು ಮೂರು ವಾರ ಹಿಡಿಯಿತು. ಇಷ್ಟು ಉದ್ದದ ಹಾಡು ರೇಡಿಯೋದಲ್ಲಿ ನಡೆಯದು ಎಂದು ಕಂಪನಿ ಹೆದರಿತು. ಕೆನ್ನಿ ಎವರೆಟ್ ಎಂಬ ರೇಡಿಯೋ ನಿರೂಪಕ ಎರಡೇ ದಿನದಲ್ಲಿ ಹದಿನಾಲ್ಕು ಸಲ ಹಾಕಿದ. ಹಾಡು ಒಂಬತ್ತು ವಾರ ಬ್ರಿಟನ್ನಿನ ಮೊದಲ ಸ್ಥಾನದಲ್ಲಿ ನಿಂತಿತು.

ಇದು ಅತಿಯಲ್ಲವೇ? ಖಂಡಿತ ಅತಿಯೇ. ಆದರೆ ಅತಿಯನ್ನೇ ಅಲ್ಲಿ ಎಷ್ಟು ಲೆಕ್ಕಾಚಾರದಿಂದ ಕಟ್ಟಿದ್ದಾರೆ ನೋಡಿ. ತಾಯಿಯ ಎದುರು ನಿಂತು ಕೊಲೆ ಒಪ್ಪಿಕೊಳ್ಳುವ ಹುಡುಗನೊಬ್ಬನ ಸಂಕಟದಿಂದ ಹಾಡು ಶುರುವಾಗುತ್ತದೆ. ಆ ಸಂಕಟ ಹೊರಲಾರದಷ್ಟಾದಾಗ ನಾಟಕ ಬಂದು ಅದನ್ನು ಹೊರುತ್ತದೆ. ದುಃಖ ತೀರಾ ಹೆಚ್ಚಾದಾಗ ಮನುಷ್ಯರು ನಗೆಯಾಟಕ್ಕಿಳಿಯುವುದನ್ನು ನಾವು ಕಂಡಿಲ್ಲವೇ? ಸಾವಿನ ಮನೆಯಲ್ಲಿ ಕೂಡ ಹಳೆಯ ಹಾಸ್ಯ ನೆನೆದು ನಗುವವರಿರುತ್ತಾರೆ. ಅವರ ದುಃಖ ಸುಳ್ಳೆಂದು ಯಾರೂ ಹೇಳುವುದಿಲ್ಲ.

ಆ ಕಾಲದ ರಾಕ್ ವಿಮರ್ಶೆಯ ಅಳತೆಗೋಲು ಬೇರೆ. ಹಾಡುವವನು ಬೀದಿಯಿಂದ ಬಂದಿರಬೇಕು, ತನ್ನ ನೋವನ್ನು ಅಲಂಕಾರವಿಲ್ಲದೆ ಹಾಡಬೇಕು, ಉಟ್ಟ ಬಟ್ಟೆಯಲ್ಲೇ ವೇದಿಕೆ ಹತ್ತಬೇಕು, ಅದು ಪ್ರಾಮಾಣಿಕತೆ. 1976ರಿಂದ ಪಂಕ್ ಸಂಗೀತ ಬಂದ ಮೇಲೆ ಈ ನಂಬಿಕೆ ಮತ್ತಷ್ಟು ಗಟ್ಟಿಯಾಯಿತು. ಇಲ್ಲೊಂದು ಸ್ವಾರಸ್ಯವಿದೆ. 1976ರ ಡಿಸೆಂಬರ್ 1ರಂದು ಲಂಡನ್ನಿನ ಒಂದು ಟಿವಿ ಕಾರ್ಯಕ್ರಮಕ್ಕೆ ಬರಬೇಕಾಗಿದ್ದದ್ದು ಕ್ವೀನ್. ಅವರು ಬರಲಾಗಲಿಲ್ಲ, ಅದೇ ಇಎಂಐ ಕಂಪನಿಯ ಹೊಸ ತಂಡ ಸೆಕ್ಸ್ ಪಿಸ್ಟಲ್ಸ್ ಹೋಗಿ ನೇರಪ್ರಸಾರದಲ್ಲಿ ಬೈಗುಳಾಡಿ ರಾತ್ರೋರಾತ್ರಿ ದೇಶಕ್ಕೆಲ್ಲ ಹೆಸರುವಾಸಿಯಾಯಿತು. ಮರುವರ್ಷ ಬ್ರಿಟನ್ನಿನ ಪ್ರಮುಖ ಸಂಗೀತ ಪತ್ರಿಕೆ ಫ್ರೆಡ್ಡಿಯ ಸಂದರ್ಶನದ ಮೇಲೆ 'ಈತ ಪೆದ್ದನೇ?' ಎಂಬರ್ಥದ ತಲೆಬರಹ ಹಾಕಿತು. ಬ್ಯಾಲೆಯನ್ನು ಜನಸಾಮಾನ್ಯರ ಬಳಿಗೆ ಒಯ್ಯುವ ಮಾತಾಡಿದ್ದು ಅವನ ಅಪರಾಧ.

ಪಂಕ್ ಹುಡುಗರ ಹರಿದ ಅಂಗಿಯೂ ವೇಷವೇ ಎಂಬುದನ್ನು ಆಗ ಯಾರೂ ಹೇಳಿದಂತಿಲ್ಲ. ಆ ಅಂಗಿಗಳು ಬರುತ್ತಿದ್ದದ್ದು ಪಿಸ್ಟಲ್ಸ್ ತಂಡದ ವ್ಯವಸ್ಥಾಪಕ ಮಾಲ್ಕಮ್ ಮೆಕ್‌ಲಾರೆನ್ ಮತ್ತು ವಿವಿಯನ್ ವೆಸ್ಟ್‌ವುಡ್ ಲಂಡನ್ನಿನ ಕಿಂಗ್ಸ್ ರೋಡಿನಲ್ಲಿ ನಡೆಸುತ್ತಿದ್ದ ಅಂಗಡಿಯಿಂದ. ಹರಕು ಬಟ್ಟೆ ಹಾಕಿದವನು ಸತ್ಯವಂತ, ಸ್ಯಾಟಿನ್ ತೊಟ್ಟವನು ಸುಳ್ಳುಗಾರ ಎಂದು ಬಟ್ಟೆ ನೋಡಿ ತೀರ್ಮಾನಿಸಲು ಬರುವುದಿಲ್ಲ. ಫ್ರೆಡ್ಡಿ ಬಣ್ಣ ಹಚ್ಚಿದ್ದನ್ನು ಎಂದೂ ಮುಚ್ಚಿಡಲಿಲ್ಲ. 1986ರ ಕೊನೆಯ ಪ್ರವಾಸದಲ್ಲಿ ಕಿರೀಟ ಇಟ್ಟು, ರಾಜರ ನಿಲುವಂಗಿ ಎಳೆದುಕೊಂಡು ಬಂದಾಗಲೂ ಅವನ ಮುಖದಲ್ಲಿ 'ಇದು ಆಟ, ನೀವೂ ಬನ್ನಿ' ಎನ್ನುವ ತುಂಟತನವಿತ್ತು.

ಹೆಂಗಸರಾದ ನಾವು ನೋಡಲೇಬೇಕಾದದ್ದು 1984ರ 'ಐ ವಾಂಟ್ ಟು ಬ್ರೇಕ್ ಫ್ರೀ' ಹಾಡಿನ ವಿಡಿಯೋ. ಬ್ರಿಟನ್ನಿನ ಜನಪ್ರಿಯ ಧಾರಾವಾಹಿಯೊಂದರ ಅಣಕವಾಗಿ ನಾಲ್ವರೂ ಒಂದು ಮನೆಯ ಹೆಂಗಸರಾಗಿದ್ದಾರೆ. ಮೇ ಕೂದಲಿಗೆ ಸುರುಳಿ ಹಾಕಿಕೊಂಡು ಎದ್ದು ಬರುತ್ತಾನೆ, ಟೇಲರ್ ಶಾಲೆಯ ಹುಡುಗಿ, ಡೀಕನ್ ಅಜ್ಜಿ. ಫ್ರೆಡ್ಡಿ ಗಿಡ್ಡ ಲಂಗ ತೊಟ್ಟು ವ್ಯಾಕ್ಯೂಮ್ ಕ್ಲೀನರ್ ಹಿಡಿದು ಮನೆ ಗುಡಿಸುತ್ತಾನೆ; ಮೀಸೆ ಮಾತ್ರ ಹಾಗೇ ಇದೆ. ಬಿಡುಗಡೆ ಬೇಕು ಎನ್ನುವ ಹಾಡನ್ನು ಕಸ ಗುಡಿಸುತ್ತಾ ಹಾಡುವ ಈ ದೃಶ್ಯ ಬ್ರಿಟನ್ನಿನಲ್ಲಿ ನಗೆ ತಂದಿತು. ಅಮೆರಿಕದಲ್ಲಿ ಮುಜುಗರ ತಂದಿತು, ಅಲ್ಲಿ ಅವರ ಜನಪ್ರಿಯತೆಗೆ ಪೆಟ್ಟು ಕೊಟ್ಟಿತು. ಗಂಡಸು ರಾಜನ ವೇಷ ಹಾಕಿದರೆ ಸಹಿಸಿಕೊಂಡವರು ಮನೆಗೆಲಸದ ಹೆಂಗಸಿನ ವೇಷವನ್ನು ಸಹಿಸಲಿಲ್ಲ. ಅತಿ ಎನ್ನುವ ಮಾತಿನ ಬೇರು ಎಲ್ಲಿದೆ ಎಂಬುದು ಇಲ್ಲಿ ಕಾಣುತ್ತದೆ. ಗಂಡಸು ಹೆಣ್ಣಿನ ಕಡೆಗೆ ಒಂದು ಹೆಜ್ಜೆ ಇಟ್ಟರೂ ಅದು ಕೆಲವರಿಗೆ ಅತಿ.

ಇಷ್ಟು ಹೇಳಿದ ಮೇಲೆ ವಿಮರ್ಶಕರೆಲ್ಲ ಕುರುಡರು ಎಂದು ನಾನೂ ಅಭಿಮಾನಿಗಳ ಸಾಲಿನಲ್ಲಿ ನಿಲ್ಲಬಹುದಿತ್ತು. ನಿಲ್ಲಲಾರೆ. 1979ರಲ್ಲಿ ಅಮೆರಿಕದ ಡೇವ್ ಮಾರ್ಷ್ 'ರೋಲಿಂಗ್ ಸ್ಟೋನ್' ಪತ್ರಿಕೆಯಲ್ಲಿ ಇದು ಫ್ಯಾಸಿಸ್ಟ್ ತಂಡವಿರಬಹುದು ಎಂದು ಬರೆದ. ಸಾವಿರಾರು ಜನ ಒಂದೇ ತಾಳಕ್ಕೆ ಕಾಲು ಕುಟ್ಟುವುದು ಅವನಿಗೆ ಅಪ್ಪಣೆ ಪಾಲಿಸುವ ಗುಂಪಿನಂತೆ ಕಂಡಿತು. ಮಾತು ಕಠೋರ, ಅನ್ಯಾಯದ್ದೂ ಹೌದು. ಆದರೆ ಆ ಭಯವನ್ನು ಪೂರ್ತಿ ತಳ್ಳಿಹಾಕಲಾರೆ. ಸಾವಿರ ಮಕ್ಕಳು ಮೈದಾನದಲ್ಲಿ ಒಟ್ಟಿಗೆ ಚಪ್ಪಾಳೆ ತಟ್ಟಿದಾಗ ಎದೆ ತುಂಬುತ್ತದೆ. ಎದುರು ನಿಂತ ಶಿಕ್ಷಕಿಗೆ ಆ ಶಕ್ತಿ ಯಾರ ಕೈಯಲ್ಲಿದೆ ಎಂಬ ಎಚ್ಚರವೂ ಇರಬೇಕು. 1985ರ ಜುಲೈ 13ರಂದು ವೆಂಬ್ಲಿ ಮೈದಾನದಲ್ಲಿ, ಇಥಿಯೋಪಿಯದ ಬರಗಾಲಕ್ಕಾಗಿ ನಡೆದ ಲೈವ್ ಏಡ್ ಕಾರ್ಯಕ್ರಮದಲ್ಲಿ, ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಫ್ರೆಡ್ಡಿಯೊಂದಿಗೆ ಕೈಯೆತ್ತಿ ಚಪ್ಪಾಳೆ ತಟ್ಟಿದರು. ಸುಮಾರು ಇಪ್ಪತ್ತು ನಿಮಿಷದಲ್ಲಿ ಅವನು ಎಲ್ಲರನ್ನೂ ಗೆದ್ದ. ಬಾಯಿಗೆ ಬಂದ ಸ್ವರವನ್ನು ಎಸೆದ, ಜನ ಅದನ್ನು ಹಿಡಿದು ಹಿಂದಕ್ಕೆ ಎಸೆದರು. ಅದು ಅಪ್ಪಣೆಯಲ್ಲ, ಚೆಂಡಾಟ. ಮಾರ್ಷನಿಗೆ ಉತ್ತರ ಅಲ್ಲಿದೆ.

ಉತ್ತರವಿಲ್ಲದ ಪ್ರಶ್ನೆ ಬೇರೆ ಇದೆ. ಅದಕ್ಕೆ ಒಂಬತ್ತು ತಿಂಗಳ ಮುಂಚೆ, 1984ರ ಅಕ್ಟೋಬರಿನಲ್ಲಿ, ಇದೇ ತಂಡ ದಕ್ಷಿಣ ಆಫ್ರಿಕದ ಸನ್ ಸಿಟಿಯಲ್ಲಿ ಹಾಡಿತು. ವರ್ಣಭೇದದ ಆಡಳಿತ ನಡೆಯುತ್ತಿದ್ದ ಆ ದೇಶಕ್ಕೆ ಕಲಾವಿದರು ಹೋಗಬಾರದೆಂದು ವಿಶ್ವಸಂಸ್ಥೆ ಕೇಳಿಕೊಂಡಿತ್ತು. ಬ್ರಿಟನ್ನಿನ ಸಂಗೀತಗಾರರ ಸಂಘ ತಂಡಕ್ಕೆ ದಂಡ ಹಾಕಿತು, ವಿಶ್ವಸಂಸ್ಥೆಯ ಬಹಿಷ್ಕಾರದ ಪಟ್ಟಿಗೆ ಹೆಸರು ಸೇರಿತು. ತಾವು ರಾಜಕೀಯದವರಲ್ಲ, ಕೇಳುವವರಿದ್ದ ಕಡೆ ಹಾಡುತ್ತೇವೆ ಎಂಬ ಧಾಟಿಯ ಸಮರ್ಥನೆ ಅವರದು. ಆಫ್ರಿಕದಲ್ಲಿ ಹುಟ್ಟಿದ, ಬಿಳಿಯನಲ್ಲದ ಹಾಡುಗಾರನ ತಂಡದಿಂದ ಈ ಮಾತು ಬಂತು ಎಂಬುದು ನನ್ನನ್ನು ಚುಚ್ಚುತ್ತದೆ. ವೇಷ ಹಾಕುವುದು ತಪ್ಪಲ್ಲ. ಆದರೆ ಯಾವ ಯಜಮಾನನ ಅಂಗಳದಲ್ಲಿ ಆಡುತ್ತಿದ್ದೇನೆ ಎಂಬ ಹೊಣೆಯಿಂದ ವೇಷ ಯಾರನ್ನೂ ಬಿಡಿಸುವುದಿಲ್ಲ. 2003ರಲ್ಲಿ ನೆಲ್ಸನ್ ಮಂಡೇಲಾ ಅವರ ಏಡ್ಸ್ ಜಾಗೃತಿ ಕಾರ್ಯಕ್ರಮಕ್ಕಾಗಿ ಮೇ ಮತ್ತು ಟೇಲರ್ ಕೇಪ್‌ಟೌನಿನಲ್ಲಿ ನುಡಿಸಿದರು. ಅದು ಒಳ್ಳೆಯದಾಯಿತು, ಆದರೆ 1984 ಅಳಿಸಿಹೋಗುವುದಿಲ್ಲ.

ಅಭಿಮಾನಿಗಳ ಪ್ರೀತಿಯಲ್ಲಿ ಇಂಥ ಕಲೆಗಳೆಲ್ಲ ತೊಳೆದುಹೋಗುತ್ತವೆ. 2018ರಲ್ಲಿ 'ಬೊಹೀಮಿಯನ್ ರಾಪ್ಸಡಿ' ಎಂಬ ಹೆಸರಿನಲ್ಲೇ ಬಂದ ಚಲನಚಿತ್ರ ಇದಕ್ಕೆ ಸಾಕ್ಷಿ. ವಿಮರ್ಶಕರಲ್ಲಿ ಅನೇಕರು ಮೂಗು ಮುರಿದರು. ಚಿತ್ರ ತೊಂಬತ್ತು ಕೋಟಿ ಡಾಲರಿಗೂ ಹೆಚ್ಚು ಗಳಿಸಿತು, 2019ರಲ್ಲಿ ನಾಲ್ಕು ಆಸ್ಕರ್ ಪಡೆಯಿತು. ಫ್ರೆಡ್ಡಿಯಾಗಿ ರಾಮಿ ಮಾಲೆಕ್ ಅಭಿನಯ ಚೆನ್ನಾಗಿದೆ ಎಂಬುದರಲ್ಲಿ ಎರಡು ಮಾತಿಲ್ಲ. ಸನ್ ಸಿಟಿ ಮಾತ್ರ ಅದರಲ್ಲಿಲ್ಲ. ಗಂಡಸರ ಸಹವಾಸದಲ್ಲಿ ದಾರಿತಪ್ಪಿದ ಫ್ರೆಡ್ಡಿ ರೋಗ ತಗುಲಿಸಿಕೊಂಡು, ಪಶ್ಚಾತ್ತಾಪದಿಂದ ಒಡೆದ ತಂಡಕ್ಕೆ ಮರಳಿ, ಲೈವ್ ಏಡ್‌ಗೆ ಮುಂಚೆಯೇ ಗೆಳೆಯರಿಗೆ ಏಡ್ಸ್ ವಿಷಯ ತಿಳಿಸುತ್ತಾನೆ. ನಿಜದಲ್ಲಿ ತಂಡ ಒಡೆದಿರಲಿಲ್ಲ. ಲೈವ್ ಏಡ್‌ಗೆ ಎರಡು ತಿಂಗಳ ಹಿಂದಷ್ಟೇ ಜಪಾನಿನಲ್ಲಿ ಒಟ್ಟಿಗೆ ನುಡಿಸಿತ್ತು. ಅವನ ಸಂಗಾತಿ ಜಿಮ್ ಹಟನ್ ಬರೆದಂತೆ ರೋಗ ಖಚಿತವಾದದ್ದು 1987ರಲ್ಲಿ. ದಿನಾಂಕವನ್ನು ಎರಡು ವರ್ಷ ಹಿಂದಕ್ಕೆ ತಳ್ಳಿದ್ದರಿಂದ ಒಂದು ಕಾಯಿಲೆ ನಡತೆಗೆ ಸಿಕ್ಕ ಶಿಕ್ಷೆಯಂತೆ ಕಾಣುತ್ತದೆ. ಏಡ್ಸ್ ಬಂದವರ ಮನೆಯ ಲೋಟದಲ್ಲಿ ನೀರು ಕುಡಿಯಲು ಜನ ಹಿಂಜರಿದ ಕಾಲ ನಮಗೆ ಗೊತ್ತಿದೆ. ಅದನ್ನು ಬಲ್ಲವರಿಗೆ ಇದು ಸಣ್ಣ ಬದಲಾವಣೆ ಎನ್ನಿಸದು. ಮೇ ಮತ್ತು ಟೇಲರ್ ಈ ಚಿತ್ರದ ಜೊತೆ ನಿಂತರು ಎಂಬುದು ಇನ್ನೂ ಬೇಸರದ ಸಂಗತಿ. ವಿಮರ್ಶಕರು ಫ್ರೆಡ್ಡಿಯ ವೇಷವನ್ನು ದೂರಿದರು. ಅಭಿಮಾನಿಗಳು ಅವನಿಗೆ ತಮಗೊಪ್ಪುವ ಇನ್ನೊಂದು ವೇಷ ತೊಡಿಸಿದರು.

ಫ್ರೆಡ್ಡಿ 1991ರ ನವೆಂಬರ್ 23ರಂದು ತನಗೆ ಏಡ್ಸ್ ಇದೆ ಎಂದು ಪ್ರಕಟಿಸಿದ. ಮರುದಿನವೇ ತೀರಿಕೊಂಡ. ನಲವತ್ತೈದು ವಯಸ್ಸು. ಅಂತ್ಯಕ್ರಿಯೆ ಪಾರ್ಸಿ ಪುರೋಹಿತರ ಮಂತ್ರಗಳೊಂದಿಗೆ ನಡೆಯಿತು. 'ಬೊಹೀಮಿಯನ್ ರಾಪ್ಸಡಿ' ಮತ್ತೆ ಮೊದಲ ಸ್ಥಾನಕ್ಕೇರಿತು. ಅದರ ಹಣ ಏಡ್ಸ್ ರೋಗಿಗಳಿಗೆ ನೆರವಾಗುವ ಟೆರೆನ್ಸ್ ಹಿಗಿನ್ಸ್ ಟ್ರಸ್ಟಿಗೆ ಹೋಯಿತು. ಅವರ 'ಗ್ರೇಟೆಸ್ಟ್ ಹಿಟ್ಸ್' ಸಂಕಲನ 2022ರಲ್ಲಿ ಬ್ರಿಟನ್ನಿನಲ್ಲೇ 70 ಲಕ್ಷ ಪ್ರತಿಗಳನ್ನು ದಾಟಿತು. ಆ ದೇಶದಲ್ಲಿ ಯಾವ ಸಂಕಲನವೂ ಅದಕ್ಕೆ ಮೊದಲು ಅಷ್ಟು ಮಾರಿರಲಿಲ್ಲ. ಆದರೂ ಮಾರಾಟದ ಲೆಕ್ಕ ಹಾಡಿನ ಗುಣವನ್ನು ಹೇಳಲಾರದು. ಹೇಳುತ್ತದೆ ಎಂದು ಅಭಿಮಾನಿಗಳು ವಾದಿಸಿದಾಗ ನಾನು ಸುಮ್ಮನಾಗುತ್ತೇನೆ.

ಅವರ ವಾದಕ್ಕಿಂತ ನನಗೆ ಬಲವಾಗಿ ಕಾಣುವುದು 1991ರ ಮೇ ತಿಂಗಳಲ್ಲಿ ಚಿತ್ರೀಕರಿಸಿದ ಒಂದು ವಿಡಿಯೋ. ಟೇಲರ್ ಬರೆದ 'ದೀಸ್ ಆರ್ ದ ಡೇಸ್ ಆಫ್ ಅವರ್ ಲೈವ್ಸ್' ಎಂಬ ಹಾಡು, ಕಳೆದ ದಿನಗಳ ನೆನಪು. ಫ್ರೆಡ್ಡಿ ಕ್ಯಾಮೆರಾದ ಎದುರು ನಿಂತದ್ದು ಅದೇ ಕೊನೆ. ರೋಗದ ಗುರುತು ಕಾಣದಿರಲೆಂದು ಕಪ್ಪುಬಿಳುಪಿನಲ್ಲಿ ತೋರಿಸಿದರು. ಮುಖಕ್ಕೆ ಅಂದೂ ಬಣ್ಣವಿದೆ. ಮೈದಾನದ ತುಂಬ ಓಡಾಡಿದ ಮನುಷ್ಯ ನಿಂತ ಕಡೆಯೇ ನಿಂತಿದ್ದಾನೆ; ತೋಳು ಸ್ವಲ್ಪ ಚಾಚುತ್ತಾನೆ, ಕಣ್ಣೆತ್ತಿ ನೋಡುತ್ತಾನೆ. ಬಣ್ಣದ ಹಿಂದೆ ಏನೂ ಇಲ್ಲ ಎಂದವರು ಇದನ್ನು ನೋಡಬೇಕು. ಅವನನ್ನು ದೇವರಾಗಿ ಕೂರಿಸಿದವರೂ ನೋಡಬೇಕು. ಅಲ್ಲಿ ನಿಂತಿರುವವನು ತನ್ನ ಕೆಲಸವನ್ನು ಕೊನೆಯವರೆಗೂ ಮಾಡುತ್ತಿರುವ ಒಬ್ಬ ನಟ, ಬಹಳ ದಣಿದಿದ್ದಾನೆ.